ಕಾರವಾರದ ಸೊನ್ನೆ

ಐದನೆಯ ಇಯತ್ತೆಯ ಭೂಗೋಲ ಪುಸ್ತಕದಲ್ಲಿ ಒಂದು ವಾಕ್ಯ ಮತ್ತೆ ಮತ್ತೆ ಬರುತ್ತಿತ್ತು. ಇಂಥ ಊರು ಸಮುದ್ರ ಮಟ್ಟದಿಂದ ಇಷ್ಟು ಎತ್ತರದಲ್ಲಿದೆ. ಬಾಯಿಪಾಠ ಮಾಡಿ ಒಪ್ಪಿಸುವುದೇನೂ ಕಷ್ಟವಿರಲಿಲ್ಲ. ಆದರೆ ಆ ವರ್ಷದ ಶಿವರಾತ್ರಿಗೆ ಆಯಿಯ ಜೊತೆ ಗೋಕರ್ಣಕ್ಕೆ ಹೋಗಿದ್ದೆ. ಬೆಳಿಗ್ಗೆ ಸ್ನಾನಕ್ಕೆ ಹೋದಾಗ ಸಮುದ್ರ ನಮ್ಮ ಚಪ್ಪಲಿಯ ಹತ್ತಿರವೇ ಬಂದಿತ್ತು. ಮಧ್ಯಾಹ್ನ ಹೋದರೆ ಅದು ಎಲ್ಲೋ ದೂರ ಸರಿದು, ಮರಳಿನ ಮೇಲೆ ಏಡಿಗಳು ಓಡಾಡುತ್ತಿದ್ದವು. ಹೀಗೆ ದಿನಕ್ಕೆ ಎರಡು ಸಲ ಏರಿ ಇಳಿಯುವ ನೀರಿಗೆ ಮಟ್ಟ ಎಲ್ಲಿಂದ ಬಂತು? ಶಿರಸಿಯ ಎತ್ತರವನ್ನು ಬೆಳಗಿನ ಸಮುದ್ರದಿಂದ ಅಳೆದರೋ, ಮಧ್ಯಾಹ್ನದ ಸಮುದ್ರದಿಂದಲೋ? ಮಾಸ್ತರರನ್ನು ಕೇಳಿದೆ. "ಕೂತ್ಕೊ. ಪರೀಕ್ಷೆಗೆ ಅದು ಬರೂದಿಲ್ಲ" ಅಂದರು. ಅವರು ಹೇಳಿದ್ದು ನಿಜವೇ. ಪರೀಕ್ಷೆಗೆ ಬರಲಿಲ್ಲ.

ಉತ್ತರ ಸಿಗುವುದಕ್ಕೆ ನಲವತ್ತು ವರ್ಷ ಹಿಡಿಯಿತು. ಸಿಕ್ಕಿದಾಗ ನನಗೆ ಆದ ಆಶ್ಚರ್ಯವೆಂದರೆ, ಅದು ಲಂಡನ್ನಿನಲ್ಲೋ ಡೆಹರಾಡೂನಿನಲ್ಲೋ ಮಾತ್ರ ಇರಲಿಲ್ಲ. ನಮ್ಮದೇ ಜಿಲ್ಲೆಯಲ್ಲಿ, ಬಸ್ಸಿನಲ್ಲಿ ಒಂದು ಹಗಲಿನಲ್ಲಿ ಹೋಗಿಬರಬಹುದಾದ ಕಾರವಾರದಲ್ಲೂ ಇತ್ತು.

ಘಟ್ಟದ ಮೇಲಿನ ನಮಗೆ ಸಮುದ್ರವೆಂದರೆ ಬೇರೆಯವರ ಮನೆಯ ಅಂಗಳ ಇದ್ದ ಹಾಗೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ಸಮುದ್ರ ಮಟ್ಟದಿಂದ ಐದುನೂರು ಆರುನೂರು ಮೀಟರಿನ ಆಸುಪಾಸಿನಲ್ಲಿರುವ ಊರುಗಳು. ದೇವಿಮನೆ ಘಟ್ಟವನ್ನೋ ಅರಬೈಲು ಘಟ್ಟವನ್ನೋ ಇಳಿದರೆ ಮಾತ್ರ ಸಮುದ್ರ. ಅಲ್ಲಿಗೆ ನಮ್ಮಿಂದ ಅಡಿಕೆ, ಮೆಣಸು ಇಳಿಯುತ್ತಿದ್ದವು, ಅಲ್ಲಿಂದ ಉಪ್ಪು, ತೆಂಗಿನಕಾಯಿ ಹತ್ತಿ ಬರುತ್ತಿದ್ದವು. ನಡುವೆ ಹೆಣ್ಣುಮಕ್ಕಳ ಕೊಡುಕೊಳ್ಳುವಿಕೆ. ನನ್ನ ಅಕ್ಕನನ್ನು ಕೊಟ್ಟದ್ದು ಕುಮಟೆ ಸೀಮೆಗೆ, ಅಘನಾಶಿನಿ ಹೊಳೆಯ ಅಳಿವೆಯ ಹತ್ತಿರ. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ, ಸಿದ್ದಾಪುರದ ಕಾಡಿನಲ್ಲಿ ಉಂಚಳ್ಳಿಯ ಬಂಡೆಯಿಂದ 116 ಮೀಟರ್ ಧುಮುಕಿ, ಎಲ್ಲೂ ಅಣೆಕಟ್ಟು ಕಾಣದೆ ಸಮುದ್ರ ಸೇರುವ ಹೊಳೆ ಅದು. ಅಕ್ಕ ಮದುವೆಯಾಗಿ ಹೋದಾಗ ಆಯಿ, "ನಮ್ಮನೆ ನೀರು ಹೋದಲ್ಲಿಗೇ ಹೋಗ್ತೆ, ಅಳಡ" ಎಂದು ಸಮಾಧಾನ ಹೇಳಿದ್ದಳು.

ಕಾರವಾರದ ಕಥೆಗೆ ಬರುತ್ತೇನೆ. 1862ರವರೆಗೆ ನಮ್ಮ ಜಿಲ್ಲೆ ಮದರಾಸು ಪ್ರಾಂತ್ಯದಲ್ಲಿತ್ತು. ಆ ವರ್ಷ ಅದನ್ನು ಮುಂಬಯಿಗೆ ಸೇರಿಸಿದರು. ಕಾರಣ ಹತ್ತಿ. ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಬರುವುದು ನಿಂತಿತ್ತು. ಧಾರವಾಡದ ಕಡೆಯ ಹತ್ತಿ ಘಟ್ಟ ಇಳಿದು ಕುಮಟೆಯ ಬಂದರಿನಿಂದ ಹಡಗು ಹತ್ತುತ್ತಿತ್ತು. ಬೆಳೆದದ್ದು ಧಾರವಾಡದಲ್ಲಾದರೂ ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಎಂದೇ ಹೆಸರಾಯಿತು. (ಹೆಣ್ಣು ಹುಟ್ಟಿದ ಮನೆಯ ಹೆಸರು ಬಿಟ್ಟು ಹೊರಟ ಮನೆಯ ಹೆಸರು ಹೊರುವುದು ಹತ್ತಿಗೂ ತಪ್ಪಲಿಲ್ಲ.) ಕುಮಟೆಗಿಂತ ಕಾರವಾರದ ಕೊಲ್ಲಿ ಆಳ, ಗಾಳಿಗೆ ಮರೆ. ಅಲ್ಲಿ ದೊಡ್ಡ ಬಂದರು ಮಾಡಬೇಕೆಂದು ಕಾರವಾರವನ್ನೇ ಜಿಲ್ಲೆಯ ಮುಖ್ಯ ಸ್ಥಳ ಮಾಡಿದರು. ಆ ಬಂದರಿನ ಕನಸು ಅವರು ಎಣಿಸಿದಷ್ಟು ನನಸಾಗಲಿಲ್ಲ. 1880ರ ದಶಕದ ಕೊನೆಗೆ ರೈಲು ಹುಬ್ಬಳ್ಳಿಯಿಂದ ಗೋವೆಯ ಮುರಗಾಂವಿಗೆ ಹೋಯಿತು, ಹತ್ತಿಯೂ ಅದರ ಹಿಂದೆಯೇ ಹೋಯಿತು. ಆದರೆ ಬಂದರಿನ ಆಸೆ ಇದ್ದ ಆ ಕಾಲದಲ್ಲೇ, 1878ರಲ್ಲಿ, ಕಾರವಾರದಲ್ಲಿ ಸಮುದ್ರವನ್ನು ಅಳೆಯುವ ಒಂದು ಯಂತ್ರ ಬಂದು ಕೂತಿತು.

ಅದನ್ನು ತಂದದ್ದು ಸರ್ವೆ ಇಲಾಖೆ. ಕ್ಯಾಪ್ಟನ್ ಬೇರ್ಡ್ ಎಂಬ ಇಂಜಿನಿಯರ್ ಅಧಿಕಾರಿ 1870ರ ದಶಕದ ಮೊದಲಲ್ಲಿ ಕಚ್ಛ ಕೊಲ್ಲಿಯಲ್ಲಿ ಈ ಕೆಲಸ ಶುರುಮಾಡಿದ್ದ. ಅಲ್ಲಿ ನೆಲ ಕುಸಿಯುತ್ತಿದೆಯೋ ಏರುತ್ತಿದೆಯೋ ನೋಡುವುದಕ್ಕಾಗಿ. 1877ರಲ್ಲಿ ಸರಕಾರ ದೇಶದ ಕರಾವಳಿಯುದ್ದಕ್ಕೂ ಇಂಥ ವೀಕ್ಷಣಾಲಯಗಳನ್ನು ಹಾಕಲು ಅಪ್ಪಣೆ ಕೊಟ್ಟಿತು. ಕರಾಚಿ, ಮುಂಬಯಿ, ಕಾರವಾರ, ಬೇಪುರ, ನಾಗಪಟ್ಟಣ, ಮದರಾಸು, ವಿಶಾಖಪಟ್ಟಣ, ಆಚೆ ಬರ್ಮಾದವರೆಗೆ ಒಂದೊಂದಾಗಿ ಎದ್ದವು.

ಯಂತ್ರದ ಹೂರಣ ಬಹಳ ಸರಳ. ಸಮುದ್ರದ ಅಂಚಿನಲ್ಲಿ ಒಂದು ಬಾವಿ, ಅಥವಾ ಬಾವಿಯಂಥ ದೊಡ್ಡ ಕೊಳವೆ. ಅದಕ್ಕೂ ಸಮುದ್ರಕ್ಕೂ ಕೆಳಗೆ ಸಣ್ಣ ತೂತಿನ ಸಂಬಂಧ. ತೂತು ಸಣ್ಣದಾದ್ದರಿಂದ ಹೊರಗೆ ಅಲೆ ಎಷ್ಟು ಅಬ್ಬರಿಸಿದರೂ ಬಾವಿಯ ನೀರು ಅಲುಗುವುದಿಲ್ಲ. ಆದರೆ ಭರತ ಬಂದಾಗ ನಿಧಾನ ಏರುತ್ತದೆ, ಇಳಿತದಲ್ಲಿ ನಿಧಾನ ಇಳಿಯುತ್ತದೆ. ಆ ನೀರಿನ ಮೇಲೆ ಒಂದು ತೇಲುಬುರುಡೆ. ಅದಕ್ಕೆ ಕಟ್ಟಿದ ತಂತಿ ಮೇಲೆ ಗಡಗಡೆಯ ಮೇಲೆ ಹಾದು ಒಂದು ಪೆನ್ಸಿಲನ್ನು ಎಳೆಯುತ್ತದೆ. ಪೆನ್ಸಿಲಿನ ಎದುರು ಕಾಗದ ಸುತ್ತಿದ ಉರುಳೆ, ಅದನ್ನು ಗಡಿಯಾರ ತಿರುಗಿಸುತ್ತದೆ. ಹಗಲೂ ರಾತ್ರಿ, ಯಾರೂ ನೋಡದಿದ್ದರೂ, ಸಮುದ್ರ ತಾನೇ ತನ್ನ ಏರಿಳಿತವನ್ನು ಕಾಗದದ ಮೇಲೆ ಬರೆಯುತ್ತಾ ಹೋಗುತ್ತದೆ.

ಯಾರೂ ನೋಡದಿದ್ದರೂ ಎಂದೆ. ಅದು ಪೂರ್ತಿ ಸರಿಯಲ್ಲ. ಗಡಿಯಾರಕ್ಕೆ ಕೀಲಿ ಕೊಡಬೇಕು, ಕಾಗದ ಬದಲಿಸಬೇಕು, ಪೆನ್ಸಿಲ್ ಚೂಪು ಮಾಡಬೇಕು, ತೂತಿಗೆ ಹೂಳು ತುಂಬದಂತೆ ನೋಡಬೇಕು. ಯಂತ್ರ ಸುಳ್ಳು ಹೇಳುತ್ತಿಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಪಕ್ಕದಲ್ಲಿ ನೆಟ್ಟ ಅಳತೆಗೋಲನ್ನು ಕಣ್ಣಿನಿಂದ ಓದಿ ಬರೆಯಬೇಕು. ಅಷ್ಟೂ ಮಾಡಿದವರು ದಿನಗೂಲಿಯ, ತಿಂಗಳ ಸಂಬಳದ ಗುಮಾಸ್ತರು. ಬೇರ್ಡನ ಹೆಸರು ಪುಸ್ತಕದಲ್ಲಿದೆ. ಆಷಾಢದ ಗಾಳಿಮಳೆಯಲ್ಲಿ ಕಂದೀಲು ಹಿಡಿದು ಕಾರವಾರದ ಆ ಬಾವಿಯ ಹತ್ತಿರ ನಿಂತವರದು ಇಲ್ಲ. 1880ರ ದಶಕದ ಮೊದಲಲ್ಲಿ ರವೀಂದ್ರನಾಥ ಠಾಕೂರರು ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ ಬಂದು ಅದೇ ಕಾರವಾರದ ದಂಡೆಯಲ್ಲಿ ತಿರುಗಾಡಿದ್ದನ್ನು ನಾವೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅದೇ ಹೊತ್ತಿಗೆ ಅಲ್ಲೇ ಒಬ್ಬ ಸಮುದ್ರದ ಲೆಕ್ಕ ಬರೆಯುತ್ತಿದ್ದ ಎಂಬುದೂ ನನಗೆ ಅಷ್ಟೇ ಹೆಮ್ಮೆ.

ಕಾಗದಗಳನ್ನು ಓದಿ ಮಾಡುತ್ತಿದ್ದ ಲೆಕ್ಕವೋ, ತಲೆ ತಿರುಗುವಂಥದ್ದು. ಭರತ ಇಳಿತಗಳಲ್ಲಿ ಚಂದ್ರನ ಪಾಲು, ಸೂರ್ಯನ ಪಾಲು, ಚಂದ್ರ ಹತ್ತಿರ ಬಂದದ್ದರ ಪಾಲು, ದೂರ ಹೋದದ್ದರ ಪಾಲು, ಎಲ್ಲವನ್ನೂ ಬಿಡಿಸಬೇಕು. ಹೀಗೆ ಬಿಡಿಸಿದ್ದನ್ನು ಮತ್ತೆ ಕೂಡಿಸಿ ಮುಂದಿನ ವರ್ಷದ ಭರತವನ್ನು ಹೇಳುವುದಕ್ಕೆ ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಆದವರು, ಹತ್ತಾರು ರಾಟೆಗಳ ಒಂದು ಯಂತ್ರದ ಉಪಾಯ ಹುಡುಕಿದರು. ಭಾರತದ ಬಂದರುಗಳಿಗಾಗಿಯೇ ಅಂಥದೊಂದನ್ನು 1879ರಲ್ಲಿ ಲಂಡನ್ನಿನಲ್ಲಿ ಕಟ್ಟಿದರು. ನಮ್ಮ ಭರತದ ಪಂಚಾಂಗ ಲಂಡನ್ನಿನಲ್ಲಿ ತಯಾರಾಗಿ ಹಡಗಿನಲ್ಲಿ ಬರುತ್ತಿತ್ತು. ಅಕ್ಕನ ಊರಿನ ಹೆಂಗಸರು ಇದಾವುದರ ಹಂಗಿಲ್ಲದೆ ತಿಥಿ ನೋಡಿ, ಇಂದು ಇಳಿತ ಎಷ್ಟು ಹೊತ್ತಿಗೆ ಎಂದು ಹೇಳಿ, ಬುಟ್ಟಿ ಹಿಡಿದು ಬಳಚು ಹೆಕ್ಕುವುದಕ್ಕೆ ಹೊಳೆಗೆ ಇಳಿಯುತ್ತಾರೆ. ಹೊತ್ತು ಅವರು ಸರಿಯಾಗಿಯೇ ಹೇಳುತ್ತಾರೆ. ಎತ್ತರವನ್ನು ಅಂಕೆಯಲ್ಲಿ ಹೇಳುವುದು ಮಾತ್ರ ಯಂತ್ರದ ಕೆಲಸ.

ಇನ್ನು ನನ್ನ ಪ್ರಶ್ನೆಯ ಉತ್ತರ. ಬೆಳಗಿನ ಸಮುದ್ರವೂ ಅಲ್ಲ, ಮಧ್ಯಾಹ್ನದ್ದೂ ಅಲ್ಲ. ವರ್ಷಗಟ್ಟಲೆ ಗಂಟೆಗಂಟೆಯ ಅಳತೆಯನ್ನು ಕೂಡಿಸಿ ಭಾಗಿಸಿದಾಗ ಸಿಗುವ ಸರಾಸರಿ. ಆ ಮಟ್ಟದಲ್ಲಿ ಸಮುದ್ರ ನಿಲ್ಲುವುದೇ ಇಲ್ಲ, ದಿನಕ್ಕೆ ನಾಲ್ಕಾರು ಸಲ ದಾಟಿಹೋಗುತ್ತದೆ ಅಷ್ಟೆ. ಆ ಸರಾಸರಿಗೆ ಸೊನ್ನೆ ಎಂದು ಹೆಸರಿಟ್ಟು, ಅಲ್ಲಿಂದ ಅಳತೆಕೋಲು, ದುರ್ಬೀನು ಹಿಡಿದ ತಂಡಗಳು ನೆಲದ ಮೇಲೆ ಹೊರಟವು. ಒಂದು ಕೋಲು ಹಿಂದೆ, ಒಂದು ಕೋಲು ಮುಂದೆ, ನಡುವೆ ದುರ್ಬೀನು. ಎರಡರ ವ್ಯತ್ಯಾಸ ಬರೆದುಕೊಳ್ಳುವುದು, ಹಿಂದಿನ ಕೋಲನ್ನು ಮುಂದಕ್ಕೆ ಒಯ್ಯುವುದು. ಹೀಗೆ ಮಾರು ಮಾರಾಗಿ ದೇಶದ ಉದ್ದಗಲ. ದಾರಿಯಲ್ಲಿ ಸೇತುವೆ, ಕಚೇರಿ, ಬಂಡೆಗಳ ಮೇಲೆ ಚೌಕ ಕೆತ್ತಿ ಅಕ್ಷರ ಹಾಕಿದ ಗುರುತು. ನಾವು ಚಿಕ್ಕವರಿದ್ದಾಗ ಒಂದು ಹಳೆಯ ಕಟ್ಟಡದ ಮೆಟ್ಟಿಲ ಮೇಲೆ ಅಂಥ ಗುರುತಿತ್ತು. ಅದರ ಕೆಳಗೆ ನಿಧಿಯಿದೆ ಎಂದು ಹುಡುಗರು ನಂಬಿದ್ದರು, ನಾನೂ ನಂಬಿದ್ದೆ.

1909ರಲ್ಲಿ ದೇಶದ ಎಲ್ಲ ಎತ್ತರಗಳ ಲೆಕ್ಕವನ್ನು ಒಂದು ಮಾಡಿದರು. ಅದಕ್ಕೆ ಆಧಾರವಾಗಿ ಹಿಡಿದದ್ದು ಒಂಬತ್ತು ಬಂದರುಗಳ ಸೊನ್ನೆ. ಕರಾಚಿ, ಮುಂಬಯಿ, ಕಾರವಾರ, ಬೇಪುರ, ಕೊಚ್ಚಿ, ನಾಗಪಟ್ಟಣ, ಮದರಾಸು, ವಿಶಾಖಪಟ್ಟಣ, ಒರಿಸ್ಸಾದ ಫಾಲ್ಸ್ ಪಾಯಿಂಟ್. ಈ ಪಟ್ಟಿಯಲ್ಲಿ ಮುಂಬಯಿಯ ಪಕ್ಕದಲ್ಲಿ ಕಾರವಾರವನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನೀಲಗಿರಿಯ ಎತ್ತರಕ್ಕೂ, ಊರೂರಿನ ರೈಲು ನಿಲ್ದಾಣಗಳ ಹಳದಿ ಫಲಕದಲ್ಲಿ ಬರೆದ ಎತ್ತರಕ್ಕೂ ಆಧಾರವಾದ ಒಂಬತ್ತು ಸೊನ್ನೆಗಳಲ್ಲಿ ಒಂದು ನಮ್ಮ ಕಾರವಾರದ್ದು.

ಈ ಲೆಕ್ಕದಲ್ಲಿ ಒಂದು ತೊಡಕಿತ್ತು. ಒಂಬತ್ತೂ ಕಡೆ ಸಮುದ್ರ ಒಂದೇ ಮಟ್ಟದಲ್ಲಿದೆ ಎಂದು ಹಿಡಿದಿದ್ದರು. ಆದರೆ ನೆಲದ ಮೇಲೆ ಅಳೆದುಕೊಂಡು ಹೋದಾಗ ವಿಶಾಖಪಟ್ಟಣದ ಸಮುದ್ರ ಮುಂಬಯಿಯ ಸಮುದ್ರಕ್ಕಿಂತ ಸುಮಾರು ಒಂದು ಅಡಿ ಮೇಲಿದ್ದಂತೆ ಬರುತ್ತಿತ್ತು. ಅಷ್ಟು ದೂರದ ಅಳತೆಯಲ್ಲಿ ತಪ್ಪು ಸೇರಿರಬೇಕು ಎಂದುಕೊಂಡರು. ಸುಮಾರು ತೊಂಬತ್ತು ವರ್ಷದ ಮೇಲೆ, 2001ರಲ್ಲಿ, ಗೋವೆಯ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಶಂಕರ್ ಮತ್ತು ಶೇಟ್ಯೆ ಎಂಬಿಬ್ಬರು ವಿಜ್ಞಾನಿಗಳು ಅದು ತಪ್ಪಲ್ಲ, ಸಮುದ್ರವೇ ಹಾಗಿದೆ ಎಂದು ವಿವರಿಸಿದರು. ಬಂಗಾಳ ಕೊಲ್ಲಿಗೆ ಗಂಗೆ, ಬ್ರಹ್ಮಪುತ್ರೆಯಂಥ ನದಿಗಳ ಸಿಹಿನೀರು ಬೀಳುತ್ತದೆ, ಮಳೆಯೂ ಹೆಚ್ಚು. ನೀರಿನಲ್ಲಿ ಉಪ್ಪು ಕಡಿಮೆ, ಆದ್ದರಿಂದ ಹಗುರ, ಆದ್ದರಿಂದ ಸ್ವಲ್ಪ ಎತ್ತರಕ್ಕೆ ನಿಲ್ಲುತ್ತದೆ. ಅರಬ್ಬಿ ಸಮುದ್ರದ ನೀರು ಹೆಚ್ಚು ಉಪ್ಪು, ಭಾರ. ಅಪ್ಪೆಮಿಡಿ ಹಾಕುವ ನಮಗೆ ಇದು ಬೇಗ ತಿಳಿಯಬೇಕು. ಸರಿಯಾಗಿ ಉಪ್ಪು ಹಿಡಿದ ನೀರಿನ ತೂಕ ಬೇರೆ, ಸಪ್ಪೆ ನೀರಿನ ತೂಕ ಬೇರೆ ಎಂದು ಭರಣಿ ಎತ್ತಿಡುವ ಕೈಗೇ ಗೊತ್ತಾಗುತ್ತದೆ. ಕೋಲು ಹಿಡಿದು ಬಿಸಿಲಲ್ಲಿ ನಡೆದವರು ಸರಿಯಾಗಿಯೇ ಅಳೆದಿದ್ದರು. ತಪ್ಪು ಎಂಬ ಹೆಸರು ಅವರ ತಲೆಯ ಮೇಲೆ ಬಹಳ ವರ್ಷ ಉಳಿಯಿತು.

ಇನ್ನೊಂದು ಸಂಗತಿಯನ್ನು ನಾನು ಅಕ್ಕನಿಗೆ ಹೇಳಿದಾಗ ಅವಳು ಮೊದಲು ನಂಬಲಿಲ್ಲ. ಮಳೆಗಾಲದಲ್ಲಿ ಹೊಳೆಗಳೆಲ್ಲ ತುಂಬಿ ಬರುವಾಗ ನಮ್ಮ ಕಡೆಯ ಸಮುದ್ರದ ಸರಾಸರಿ ಮಟ್ಟ ಏರುವುದಿಲ್ಲ, ಇಳಿಯುತ್ತದೆ. ಆ ತಿಂಗಳುಗಳಲ್ಲಿ ಕರಾವಳಿಯುದ್ದಕ್ಕೂ ನೀರು ದಕ್ಷಿಣಕ್ಕೆ ಹರಿಯುತ್ತದೆ, ತಳದ ತಣ್ಣನೆಯ ಭಾರದ ನೀರು ಮೇಲೆ ಬರುತ್ತದೆ. ದೀಪಾವಳಿ ಕಳೆದು ಚಳಿ ಬಂದಾಗ ಪ್ರವಾಹ ತಿರುಗುತ್ತದೆ, ಮಟ್ಟ ಏರುತ್ತದೆ. ಮಳೆಗಾಲದ ಅಲೆ ದೊಡ್ಡದು, ಅದು ಬೇರೆ. ಕಣ್ಣಿಗೆ ಕಾಣುವುದು ಅಲೆ ಮಾತ್ರ. ಈ ಒಂದು ಗೇಣಿಗೂ ಕಡಿಮೆಯ ಏರಿಳಿತ ಕಾಣಬೇಕಾದರೆ ವರ್ಷಾನುಗಟ್ಟಲೆ ಬರೆದ ಕಾಗದವೇ ಬೇಕು.

ಕಾರವಾರದಲ್ಲಿ ಎಷ್ಟು ವರ್ಷ ಬರೆದರು? ಐದು. 1878ರಿಂದ ಸುಮಾರು 1883ರವರೆಗೆ. ಬೇಕಾದ ಸರಾಸರಿ ಸಿಕ್ಕಿತು ಎಂದು ಯಂತ್ರ ತೆಗೆದರು. ಚಂದ್ರನ ದಾರಿಯ ಓಲಾಟ ಒಂದು ಸುತ್ತು ಮುಗಿಯುವುದಕ್ಕೆ ಹದಿನೆಂಟೂವರೆ ವರ್ಷಕ್ಕಿಂತ ತುಸು ಹೆಚ್ಚು ಬೇಕು, ನಿಜವಾದ ಸರಾಸರಿಗೆ ಹತ್ತೊಂಬತ್ತು ವರ್ಷದ ಅಳತೆ ಒಳ್ಳೆಯದು. ಆದರೂ ಎತ್ತರ ಅಳೆಯುವುದಕ್ಕೆ ಐದು ವರ್ಷವೇ ಸಾಕೆನಿಸಿತು. ಅವರ ಕೆಲಸಕ್ಕೆ ಸಾಕಾಗಿಯೂ ಇತ್ತು. ಸಮುದ್ರವೇ ಮೇಲೇರಬಹುದು, ನೂರು ವರ್ಷದ ಮೇಲಿನ ಜನ ಬಂದು ಕೇಳಬಹುದು ಎಂದು ಆಗ ಯಾರಿಗೆ ಹೊಳೆಯಬೇಕು?

ಮುಂಬಯಿಯಲ್ಲಿ ಮಾತ್ರ ಅದೇ 1878ರಲ್ಲಿ ಅಪೋಲೊ ಬಂದರಿನಲ್ಲಿ ಶುರುವಾದ ಅಳತೆ ಮುಂದುವರಿಯಿತು. ಹಾಗಾಗಿ ಹಿಂದೂ ಮಹಾಸಾಗರದಲ್ಲೇ ಅತ್ಯಂತ ಉದ್ದದ ದಾಖಲೆಗಳಲ್ಲಿ ಅದೊಂದು. 2007ರಲ್ಲಿ ಗೋವೆಯ ಸಂಸ್ಥೆಯ ಉನ್ನಿಕೃಷ್ಣನ್ ಮತ್ತು ಶಂಕರ್ ಅವರು ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಅಳತೆ ಇದ್ದ ಬಂದರುಗಳನ್ನಷ್ಟೇ ತೆಗೆದುಕೊಂಡು ಲೆಕ್ಕ ಹಾಕಿ, ಹಿಂದಿನ ಶತಮಾನದಲ್ಲಿ ನಮ್ಮ ಸುತ್ತಿನ ಸಮುದ್ರ ವರ್ಷಕ್ಕೆ ಸುಮಾರು 1.29 ಮಿಲಿಮೀಟರಿನಂತೆ ಏರಿದೆ ಎಂದರು. 1993ರಿಂದ ಉಪಗ್ರಹಗಳು ಅಳೆಯುತ್ತಿವೆ, ಅವುಗಳ ಪ್ರಕಾರ ಜಗತ್ತಿನ ಸಮುದ್ರಗಳ ಸರಾಸರಿ ಏರಿಕೆ ವರ್ಷಕ್ಕೆ ಮೂರು ಮಿಲಿಮೀಟರಿಗೂ ಹೆಚ್ಚು. ಕಾರವಾರದಲ್ಲಿ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮತ್ತೆ ಅಳತೆ ಶುರುವಾಯಿತು. ಆದರೆ ನಡುವಿನ ಅಷ್ಟೂ ದಶಕ ಖಾಲಿ.

ಈ ಖಾಲಿಯ ವಿಷಯ ನನಗೆ ಮನೆಯಿಂದಲೇ ಗೊತ್ತು. ನಮ್ಮ ಕಡೆಯ ಅನೇಕ ಅಡಿಕೆ ತೋಟದವರಂತೆ ನನ್ನ ಅಪ್ಪಯ್ಯನೂ ಅಂಗಳದಲ್ಲಿ ಮಳೆಮಾಪಕ ಇಟ್ಟುಕೊಂಡು ದಿನಾ ಬೆಳಿಗ್ಗೆ ಡೈರಿಯಲ್ಲಿ ಇಂಚು, ಸೆಂಟು ಎಂದು ಬರೆಯುತ್ತಿದ್ದ. ಒಂದು ವರ್ಷ ಆಷಾಢದಲ್ಲಿ ಅವನು ಹಾಸಿಗೆ ಹಿಡಿದ. ಆಯಿ ಕೆಲವು ದಿನ ಬರೆದಳು. ಆಮೇಲೆ ಆಸ್ಪತ್ರೆ, ಮನೆ, ತೋಟದ ಕೊಳೆರೋಗ, ದನ ಕರು ಎಂದು ಓಡಾಡುವುದರಲ್ಲಿ ಬಿಟ್ಟುಹೋಯಿತು. ಮೂರು ತಿಂಗಳ ಹಾಳೆ ಬಿಳಿ. ಗುಣವಾಗಿ ಬಂದ ಅಪ್ಪಯ್ಯ ಮೊದಲು ಡೈರಿ ತೆಗೆದು ನೋಡಿ, "ಈ ವರ್ಷ ಮಳೆನೇ ಬಂಜಿಲ್ಯನೇ?" ಎಂದು ಕೇಳಿದ. ಆಯಿ ಒಳಗೆ ಹೋದಳು, ಅವತ್ತು ಮಧ್ಯಾಹ್ನ ಊಟಕ್ಕೆ ಬಡಿಸುವಾಗಲೂ ಮಾತಾಡಲಿಲ್ಲ. ನನಗೆ ಅವಳ ಮೇಲೆ ಕನಿಕರ, ಈಗಲೂ ಇದೆ. ಆದರೂ ಆ ಬಿಳಿ ಹಾಳೆಗಳನ್ನು ಯಾವ ಕನಿಕರವೂ ತುಂಬಲಾರದು. ಅವತ್ತು ಬಿದ್ದ ಮಳೆ ಬಿದ್ದು ಹೋಯಿತು.

ಬರೆದಿಟ್ಟದ್ದು ಯಾವಾಗ ಉಪಯೋಗಕ್ಕೆ ಬರುತ್ತದೆ ಎಂದು ಬರೆಯುವವರಿಗೆ ಗೊತ್ತಿರುವುದಿಲ್ಲ. 1883ರ ಆಗಸ್ಟ್ 27ರಂದು ಜಾವಾದ ಹತ್ತಿರ ಕ್ರಕಟೋವ ಜ್ವಾಲಾಮುಖಿ ಸಿಡಿಯಿತು. ಅಲ್ಲಿಂದ ಹೊರಟ ಅಲೆ ಭಾರತದ ಕರಾವಳಿಗೆ ಮುಟ್ಟಿದ್ದನ್ನು ಸರ್ವೆ ಇಲಾಖೆಯ ಯಂತ್ರಗಳ ಪೆನ್ಸಿಲುಗಳು ಬರೆದವು. ಬೇರ್ಡ್ ಅದನ್ನೆಲ್ಲ ಕೂಡಿಸಿ ವರದಿ ಮಾಡಿದ. ಭರತ ಅಳೆಯಲು ಇಟ್ಟದ್ದು ಸುನಾಮಿಯನ್ನು ಹಿಡಿಯಿತು. ಆದರೆ ಅದು ನಡೆದ ಮೇಲೆ ತಿಳಿಯುವ ವಿದ್ಯೆ. ನಡೆಯುವ ಮೊದಲೇ ಎಚ್ಚರಿಸುವ ವ್ಯವಸ್ಥೆ ನಮ್ಮಲ್ಲಿ ಬರುವುದಕ್ಕೆ 2004ರ ಡಿಸೆಂಬರ್ 26 ಬರಬೇಕಾಯಿತು. 2007ರಲ್ಲಿ ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರದಲ್ಲಿ ಸುನಾಮಿ ಎಚ್ಚರಿಕೆಯ ಕೆಲಸ ಶುರುವಾಯಿತು, ಬಂದರುಗಳ ಮಾಪಕಗಳು ಉಪಗ್ರಹದ ಮೂಲಕ ಕ್ಷಣಕ್ಷಣದ ಮಟ್ಟ ಕಳಿಸತೊಡಗಿದವು. ಗೋವೆಯ ಸಂಸ್ಥೆಯವರೂ ವೆರೆಂ, ಕಾರವಾರ ಮುಂತಾದ ಕಡೆ ತಮ್ಮ ಮಾಪಕಗಳನ್ನು ಇಟ್ಟರು. ಇವುಗಳಲ್ಲಿ ಬಾವಿಯಿಲ್ಲ, ಬುರುಡೆಯಿಲ್ಲ. ಮೇಲಿನಿಂದ ರೇಡಾರಿನ ಕಿರಣ ನೀರಿಗೆ ತಾಗಿ ವಾಪಸು ಬರುತ್ತದೆ. ಪೆನ್ಸಿಲ್ ಚೂಪು ಮಾಡುವವನಿಲ್ಲ. ಉಪ್ಪುಗಾಳಿಗೆ ತುಕ್ಕು ಹಿಡಿಯುವುದು ಮಾತ್ರ ಇದ್ದೇ ಇದೆ, ಅದನ್ನು ಒರೆಸುವ ಒಂದು ಕೈ ಈಗಲೂ ಬೇಕು.

ಅಕ್ಕನ ಮನೆಗೆ ಗಜನಿಯಲ್ಲಿ ಪಾಲಿದೆ. ಗಜನಿಯೆಂದರೆ ಹೊಳೆಯ ಅಳಿವೆಯಲ್ಲಿ ಒಡ್ಡು ಕಟ್ಟಿ ಉಪ್ಪುನೀರು ತಡೆದು ಭತ್ತ ಬೆಳೆಯುವ ತಗ್ಗು ಗದ್ದೆ. ಅಲ್ಲಿ ಬೆಳೆಯುವುದು ಕಗ್ಗ ಭತ್ತ. ಉಪ್ಪಿಗೂ ಜಗ್ಗುವುದಿಲ್ಲ, ಕೆಲವು ದಿನ ನೀರಿನಲ್ಲಿ ಮುಳುಗಿದರೂ ಸಾಯುವುದಿಲ್ಲ. ಮಾಣಿಕಟ್ಟೆಯ ಕಡೆ ಇನ್ನೂ ಬೆಳೆಯುತ್ತಾರೆ. ಆದರೆ ಒಡ್ಡು ಒಡೆದರೆ ಕಗ್ಗವೂ ಏನು ಮಾಡೀತು? ಒಡ್ಡು ಒಡೆದು ವರ್ಷಗಟ್ಟಲೆ ಉಪ್ಪುನೀರು ನಿಂತ ಗಜನಿಗಳು ಎಷ್ಟೋ ಸಿಗಡಿ ಕೆರೆಗಳಾಗಿವೆ, ಎಷ್ಟೋ ಸುಮ್ಮನೆ ಬಿದ್ದಿವೆ. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯನ್ನು ರಾಮ್ಸರ್ ಪಟ್ಟಿಗೆ ಸೇರಿಸಿದರು, ಜಗತ್ತಿನ ಮುಖ್ಯ ಜೌಗು ಪ್ರದೇಶಗಳಲ್ಲಿ ಒಂದೆಂದು. ಪೇಪರಿನಲ್ಲಿ ಓದಿ ಸಂತೋಷದಿಂದ ಅಕ್ಕನಿಗೆ ಫೋನ್ ಮಾಡಿದೆ. ಅವಳು ಕೇಳಿದ್ದು ಒಂದೇ. "ಅದೆಲ್ಲ ಸರಿ ತಂಗೀ. ಒಡ್ಡು ಎಷ್ಟು ಎತ್ತರ ಮಾಡವು ಹೇಳಿ ನೀನೇ ಹೇಳು, ಓದಿಕೊಂಡವಳು."

ನಾನು ಏನು ಹೇಳಲಿ? ಮುಂಬಯಿಯ ಅಂಕೆ ಹೇಳಬಹುದು. ನೂರು ವರ್ಷಕ್ಕೆ ನಾಲ್ಕೈದು ಅಂಗುಲ, ಈಗಿನ ವೇಗದಲ್ಲಾದರೆ ಅದರ ಎರಡರಷ್ಟಕ್ಕೂ ಹೆಚ್ಚು. ಆದರೆ ಒಡ್ಡಿನ ಮಣ್ಣು ತಾನೇ ಕುಸಿಯುತ್ತದೆ, ಹೊಳೆ ಹೂಳು ತರುತ್ತದೆ, ಅಳಿವೆಯ ಬಾಯಿ ಸರಿಯುತ್ತದೆ. ಕಾರವಾರದ ಐದು ವರ್ಷದಿಂದಲೂ ಮುಂಬಯಿಯ ನೂರು ವರ್ಷದಿಂದಲೂ ಅಕ್ಕನ ಗದ್ದೆಯ ಒಡ್ಡಿಗೆ ಉತ್ತರ ಇಳಿದು ಬರುವುದಿಲ್ಲ. ಅಲ್ಲಿಯದನ್ನು ಅಲ್ಲೇ ಅಳೆಯಬೇಕು.

ಕಳೆದ ಕಾರ್ತಿಕದಲ್ಲಿ ಹೋದಾಗ ನೋಡಿದೆ, ಅವಳು ತನಗೆ ತಿಳಿದಂತೆ ಅಳೆಯುತ್ತಿದ್ದಳು. ಒಡ್ಡಿನ ಹಲಗೆ ಬಾಗಿಲಿನ ಪಕ್ಕದ ಚಿರೆಕಲ್ಲಿನ ಕಂಬಕ್ಕೆ ಮೊಮ್ಮಗನಿಂದ ಬಿಳಿ ಬಣ್ಣದಲ್ಲಿ ಗೆರೆಗಳನ್ನು ಎಳೆಸಿದ್ದಾಳೆ. ಹುಣ್ಣಿಮೆ, ಅಮಾವಾಸ್ಯೆಯ ಭರತ ಎಷ್ಟನೆಯ ಗೆರೆಗೆ ಬಂತು ಎಂದು ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಆ ತಾರೀಕಿನ ಮೇಲೆ ಪೆನ್ನಿನಿಂದ ಬರೆಯುತ್ತಾಳೆ. ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ಅದರ ನಡುವೆ ಭರತ. ಮೂರು ವರ್ಷವಾಯಿತಂತೆ. ಹಿಂದಿನ ಎರಡು ವರ್ಷದ ಕ್ಯಾಲೆಂಡರ್ ಎಲ್ಲಿ ಎಂದು ಕೇಳಿದೆ. ಅಕ್ಕ ಒಂದು ಕ್ಷಣ ನನ್ನ ಮುಖ ನೋಡಿ, ಆಮೇಲೆ ಅಟ್ಟಣೆಯ ಕಡೆ ನೋಡಿದಳು. ಅವಲಕ್ಕಿ, ಬೆಲ್ಲ, ಹಪ್ಪಳದ ಡಬ್ಬಿಗಳ ಕೆಳಗೆ ಹಾಳೆ ಹಾಸಿತ್ತು. ಇಬ್ಬರೂ ಸೆರಗು ಕಟ್ಟಿ ಡಬ್ಬಿಗಳನ್ನು ಒಂದೊಂದಾಗಿ ಕೆಳಗಿಳಿಸತೊಡಗಿದೆವು.